ಅಕ್ಕನಿಗೆ ಕೊಡದ ಮಾತ್ರೆ

ಅರಸೀಕೆರೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಹೆಂಡ ಮುಟ್ಟಿದವನಲ್ಲ. ಆದರೂ ಲಿವರ್‌ನಲ್ಲಿ ಕೊಬ್ಬು ತುಂಬಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂತು. ಪಕ್ಕದ ಅಂಗಡಿಯವನು ನಕ್ಕ. "ಏನ್ಲಾ, ಕದ್ದು ಕುಡೀತಿದ್ಯಾ? ನಮ್ಮನ್ನ ಒಂದಿನಾನೂ ಕರೀಲಿಲ್ವಲ್ಲ!"

ಜಾವಗಲ್‌ಗೆ ಮದುವೆಯಾಗಿ ಹೋಗಿದ್ದ ಅಕ್ಕನಿಗೂ ಅದೇ ಕಾಯಿಲೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇದಕ್ಕೆ ಹೊಸ ಔಷಧಿಯ ಟ್ರಯಲ್ ನಡೆಯುತ್ತಿದೆ ಎಂದು ಡಾಕ್ಟರು ಹೇಳಿದಾಗ ಇಬ್ಬರೂ ಬೆಳಗಿನ ರೈಲು ಹತ್ತಿದೆವು. ನನ್ನನ್ನು ಸೇರಿಸಿಕೊಂಡರು. ಸಕ್ಕರೆ ಹತೋಟಿಯಲ್ಲಿಲ್ಲವೆಂದು ಅಕ್ಕನನ್ನು ಬಿಟ್ಟರು.

ಯಾರಿಗೆ ನಿಜವಾದ ಔಷಧಿ, ಯಾರಿಗೆ ಬರೀ ಹಿಟ್ಟಿನ ಮಾತ್ರೆ ಎನ್ನುವುದು ಕೊಡುವವರಿಗೂ ಗೊತ್ತಿರುವುದಿಲ್ಲ ಎಂದು ಅಲ್ಲಿ ಬಿಡಿಸಿ ಹೇಳಿದ್ದರು. ಕೇಳಿಸಿಕೊಂಡೇ ಸಹಿ ಹಾಕಿದ್ದೆ. ಆದರೆ ನನಗೆ ಸಿಕ್ಕಿದ್ದು ನಿಜವಾದದ್ದೇ ಎಂದು ಒಳಗೊಳಗೇ ತೀರ್ಮಾನಿಸಿಕೊಂಡಿದ್ದೆ.

ಮೂರನೇ ತಿಂಗಳು ಅಕ್ಕ ಅಂಗಡಿಗೆ ಬಂದಳು. ಅಳತೆ ಕೊಡುತ್ತಿದ್ದ ಗಿರಾಕಿ ಹೋಗುವವರೆಗೂ ಸ್ಟೂಲಿನ ಮೇಲೆ ಕಾದು ಕೂತಳು.

"ದಿನಾ ಬ್ಯಾಡ ಕಣೋ. ದಿನ ಬಿಟ್ಟು ದಿನ ನಂಗೊಂದು ಮಾತ್ರೆ ಕೊಡು. ಬಲಗಡೆ ಹೊಟ್ಟೆ ಭಾರ ಐತೆ."

"ಮಿಕ್ಕಿದ್ದನ್ನ ಆಸ್ಪತ್ರೇಲಿ ಎಣಿಸ್ತಾರೆ ಅಕ್ಕ."

"ಎಣಿಸ್ಲಿ. ನುಂಗ್ದೆ ಅನ್ನು. ನಿನ್ ಹೊಟ್ಟೆ ಬಗ್ದು ನೋಡ್ತಾರಾ?"

ಬೇರೆಯವರು ನುಂಗಬಾರದು, ನಿನ್ನ ಸಕ್ಕರೆಗೆ ಅಪಾಯ ಎಂದೆ. ಅದು ನಿಜವೇ. ಆದರೆ ನಾನು ಕೊಡದಿದ್ದದ್ದು ಅದಕ್ಕಲ್ಲ. ಪೂರ್ತಿ ನನಗೇ ಬೇಕಿತ್ತು. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳು. ನನ್ನ ಮುಖ ನೋಡಿದ್ದೇ ಅವಳಿಗೆ ಅರ್ಥವಾಯಿತು. ಚೀಲ ತೆಗೆದುಕೊಂಡು ಎದ್ದಳು. "ಬತ್ತೀನಿ" ಅನ್ನಲಿಲ್ಲ.

ವರ್ಷದ ಮೇಲೆ ಟ್ರಯಲ್ ಮುಗಿಯಿತು. ನನ್ನ ಲಿವರ್ ಇದ್ದ ಹಾಗೇ ಇತ್ತು. ಕೆಲವು ತಿಂಗಳ ನಂತರ ಆಸ್ಪತ್ರೆಗೆ ಕರೆಸಿ, ನಿಮಗೆ ಬಂದಿದ್ದು ಹಿಟ್ಟಿನ ಮಾತ್ರೆ ಎಂದರು. ಸಹಕರಿಸಿದ್ದಕ್ಕೆ ಥ್ಯಾಂಕ್ಸ್ ಕೂಡ ಹೇಳಿದರು.

ಮಾರನೇ ದಿನವೇ ಜಾವಗಲ್ ಬಸ್ಸು ಹತ್ತಿದೆ. ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕಾಲು ಊದಿಕೊಂಡಿತ್ತು.

"ಅದ್ರಲ್ಲಿ ಔಷಧೀನೇ ಇರ್ಲಿಲ್ವಂತೆ ಅಕ್ಕ. ನಾನ್ ನುಂಗಿದ್ದೆಲ್ಲ ಬರೀ ಹಿಟ್ಟು" ಎಂದು ಆಸ್ಪತ್ರೆಯ ಕಾಗದ ಮುಂದೆ ಹಿಡಿದೆ. ಅದು ಇಂಗ್ಲಿಷಿನಲ್ಲಿತ್ತು. ಅವಳು ಮುಟ್ಟಲಿಲ್ಲ.

"ಇಷ್ಟ್ ದಿನ ಬಿಟ್ಟು ಇದೊಂದು ಸುಳ್ಳು ಹೊಲ್ಕಂಡ್ ಬಂದ್ಯಾ?"

ಆಣೆ ಮಾಡಿದೆ. ಅವಳು ಕಾಯಿ ಸುಲಿಯುತ್ತಲೇ ಒಳಗಿದ್ದ ಸೊಸೆಯನ್ನು ಕೂಗಿದಳು.

"ಬಂದವ್ರಿಗೆ ಕಾಪಿ ಕೊಡವ್ವ."

ಕುಡಿದು ಲೋಟ ಕೆಳಗಿಟ್ಟೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಕೂರು ಎಂದು ಅವಳು ಹೇಳಲಿಲ್ಲ.