ಕಾಗದ ನನ್ನದು, ಮಂತ್ರಿಗಿರಿ ಕಿರ್ಸಿಯದು

ಹೇಳಿಬಿಡುತ್ತೇನೆ, ನನಗೆ ಕಿರ್ಸಿಯನ್ನು ಕಂಡರೆ ಹೊಟ್ಟೆಕಿಚ್ಚು. ಇವತ್ತು ನಿನ್ನೆಯದಲ್ಲ, ಹದಿನಾಲ್ಕು ವರ್ಷದ್ದು. ಅವಳು ಈಗ ಫಿನ್‌ಲ್ಯಾಂಡಿನಲ್ಲಿ ಮಂತ್ರಿ. ನಾನು ಅಮೆರಿಕದ ಸ್ಯಾನ್ ಹೊಸೆಯಲ್ಲಿ ಸತ್ಯವತಿ, ಕನ್ನಡ ಕೂಟದ ಅಧ್ಯಕ್ಷರ ಹೆಂಡತಿ.

ಆಗ ನಾವು ಒಂದೇ ಅಪಾರ್ಟ್‌ಮೆಂಟಿನಲ್ಲಿ ಎದುರುಬದುರು ಮನೆಯವರು. ಅವಳ ಗಂಡನಿಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಕೆಲಸ, ನನ್ನವರಿಗೆ ರೆಡ್‌ವುಡ್ ಸಿಟಿಯಲ್ಲಿ. ನಮ್ಮಿಬ್ಬರ ವೀಸಾದಲ್ಲೂ ಹೆಂಡತಿಯರು ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಮಕ್ಕಳನ್ನು ಪಾರ್ಕಿಗೆ ಕರೆದೊಯ್ಯುವುದು, ಬಟ್ಟೆ ಒಗೆಯುವುದು, ಇಷ್ಟೇ.

ಅದಕ್ಕೂ ಕಲ್ಲು ಬಿತ್ತು. ಲಾಂಡ್ರಿ ರೂಮಿನ ಆರು ಮಷಿನ್ನುಗಳಲ್ಲಿ ನಾಲ್ಕು ಕೆಟ್ಟವು. ಮೂರು ತಿಂಗಳಾದರೂ ಮ್ಯಾನೇಜರು ಕ್ಯಾರೇ ಅನ್ನಲಿಲ್ಲ. ಗೋಡೆಗೊಂದು ನೋಟೀಸು ಅಂಟಿಸೋಣ ಅಂದಳು ಕಿರ್ಸಿ. ನನಗೆ ನಗು ಬಂತು. ನೋಟೀಸು ನೋಡಿ ಯಾರು ಬರುತ್ತಾರೆ? ಅರಿಶಿನ-ಕುಂಕುಮಕ್ಕೆ ಕರೆಯುವ ಹಾಗೆ ಹೋಗಬೇಕು. ಬಾಗಿಲಲ್ಲೇ ಮಾತಾಡಿ ಮುಗಿಸಬಾರದು. ಒಳಗೆ ಹೋಗಿ ಕೂರಬೇಕು, ಕೂಸಿನಿಂದ ಅಜ್ಜಿಯವರೆಗೆ ಒಬ್ಬೊಬ್ಬರ ಹೆಸರನ್ನೂ ಕೇಳಬೇಕು, ಆಮೇಲೆ ವಿಷಯ ಎತ್ತಬೇಕು. ನಲವತ್ತೆರಡು ಮನೆಗೂ ಅವಳನ್ನು ಕರೆದುಕೊಂಡು ಹೋದೆ. ಮ್ಯಾನೇಜರಿಗೆ ಕೊಡಲು ಎಲ್ಲರ ಸಹಿ ಹಾಕಿಸಿದ ದೂರಿನ ಕಾಗದ ಬರೆದವಳು ನಾನು, ಮಾತಾಡಿದವಳು ನಾನು. ಮಹಾರಾಯಿತಿ ಪಕ್ಕದಲ್ಲಿ ಕೂತು ಚಕ್ಕುಲಿ ತಿಂದಳು.

ವಾರದಲ್ಲಿ ಹೊಸ ಮಷಿನ್ನು ಬಂದವು. ಮ್ಯಾನೇಜರು ಬಂದು ಕೈಕುಲುಕಿದ್ದು ಯಾರಿಗೆ? ಕಿರ್ಸಿಗೆ! ಬಿಳಿ ಮುಖ ನೋಡಿ ಮಣೆ ಹಾಕಿದ ಅಂತ ಅವತ್ತಿಡೀ ಉರಿದುಕೊಂಡೆ.

ಎರಡು ವರ್ಷಕ್ಕೆ ಅವಳು ಊರಿಗೆ ವಾಪಸಾದಳು. ಹೋದವಳೇ ಊರಿನ ಕೌನ್ಸಿಲ್ ಚುನಾವಣೆಗೆ ನಿಂತಳು. ಅಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದು ನಂಬರು. ಮತದಾರ ಚೀಟಿಯಲ್ಲಿ ಆ ನಂಬರು ಬರೆಯಬೇಕಂತೆ. ತನ್ನ ನಂಬರಿನ ಬ್ಯಾಡ್ಜು ಹಾಕಿಕೊಂಡು ಯಾರದೋ ಅಡುಗೆಮನೆಯಲ್ಲಿ ಕಾಫಿ ಕುಡಿಯುವ ಫೋಟೋ ಕಳಿಸಿದಳು. ಅಯ್ಯೋ, ನನ್ನ ವಿದ್ಯೆ! ಗೆದ್ದಳು. ಆಮೇಲೆ ಪಾರ್ಲಿಮೆಂಟು. ಹೋದ ವರ್ಷ ಮಂತ್ರಿ. ಪ್ರತಿ ಸಲವೂ 'ಕಂಗ್ರಾಟ್ಸ್' ಎಂದು ಮೆಸೇಜು ಹಾಕಿ, ಸಿಂಕಿನಲ್ಲಿ ಪಾತ್ರೆ ಕುಕ್ಕಿದ್ದೇನೆ.

ಇಲ್ಲಿ ನನ್ನವರು, ಅನಂತಪದ್ಮನಾಭ, ಆರು ವರ್ಷದಿಂದ ಕೂಟದ ಅಧ್ಯಕ್ಷರು. ಅವರ ಭಾಷಣ ಬರೆಯುವುದು, ಹಾಲ್ ಬುಕ್ ಮಾಡುವುದು, ಮುನಿಸಿಕೊಂಡವರನ್ನು ಸಮಾಧಾನ ಮಾಡುವುದು ನಾನು. ಸ್ಟೇಜಿನ ಮೇಲೆ ಶಾಲು ಅವರಿಗೆ. ಈ ಸಲ ಕೂಟದ ಚುನಾವಣೆಗೆ ನಾನೇ ನಿಲ್ಲಬೇಕೆಂದು ಯುಗಾದಿಯಿಂದ ಆಸೆಪಟ್ಟುಕೊಂಡಿದ್ದೆ. ಬಾಯಿ ಮಾತ್ರ ಬರಲಿಲ್ಲ. ನಾಮಪತ್ರಕ್ಕೆ ಭಾನುವಾರ ಮಧ್ಯಾಹ್ನ ಹನ್ನೆರಡು ಗಂಟೆ ಕೊನೆ.

ಭಾನುವಾರ ಬೆಳಿಗ್ಗೆ ಅವರು ಫಾರ್ಮು ತಂದು ಟೇಬಲ್ ಮೇಲಿಟ್ಟರು. "ಫಿಲ್ ಮಾಡ್ಬಿಡೇ, ಸೈನ್ ಹಾಕ್ತೀನಿ."

ಅಷ್ಟರಲ್ಲಿ ಮಗಳು ತನ್ವಿ ಫೋನು ಹಿಡಿದು ಓಡಿಬಂದಳು. "ಅಮ್ಮಾ, ಶೀ ಈಸ್ ಟಾಕಿಂಗ್ ಅಬೌಟ್ ಯೂ!"

ಕಿರ್ಸಿಯ ಸಂದರ್ಶನ, ಇಂಗ್ಲಿಷಿನಲ್ಲಿ. ಕೊನೆಗೂ ನೆನೆಸಿಕೊಂಡಳಲ್ಲ ಎಂದು ಉಬ್ಬಿಹೋದೆ. ಮನೆಮನೆಗೆ ಹೋಗಿ ಕೂರುವುದನ್ನು ಸತ್ಯಾ ಎಂಬ ನೆರೆಯವಳು ತನಗೆ ಕಲಿಸಿದಳು ಎಂದಳು. ಆಮೇಲೆ ಅವಳು ಹೇಳಿದ್ದು ಇದು: "ಆ ಕಾಗದದ ಒಂದೊಂದು ಅಕ್ಷರವೂ ಅವಳದು. ಸಹಿ ಮಾಡುವಾಗ ಮಾತ್ರ ಗಂಡನ ಹೆಸರು ಬರೆದಳು. ಅದರ ಕೆಳಗೆ ನಾನು ನನ್ನ ಹೆಸರು ಬರೆದೆ. ಮ್ಯಾನೇಜರು ಆ ಗಂಡನನ್ನು ಹುಡುಕಿಕೊಂಡು ಬಂದ. ಅವನು ಆಫೀಸಿಗೆ ಹೋಗಿದ್ದ. ಮುಂದಿನ ಹೆಸರು ನನ್ನದಿತ್ತು."

ಕಪಾಳಕ್ಕೆ ಬಾರಿಸಿದ ಹಾಗಾಯಿತು. ಮನೆಯ ಬಾಡಿಗೆ ಲೀಸು ನನ್ನವರ ಹೆಸರಿನಲ್ಲಿತ್ತು, ಅದಕ್ಕೇ ಬರೆದಿದ್ದೆ. ನನ್ನ ಹೆಸರು ಬರಿ ಎಂದು ಅವರೂ ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಹದಿನಾಲ್ಕು ವರ್ಷ ಪಾಪ ಆ ಮ್ಯಾನೇಜರನ್ನು ಬೈದದ್ದೇ ಬೈದದ್ದು.

ಪೆನ್ನು ತೆಗೆದುಕೊಂಡೆ. ಹನ್ನೊಂದು ಗಂಟೆ. ಚುನಾವಣೆ ನೋಡಿಕೊಳ್ಳುವ ವೀರಣ್ಣನವರಿಗೆ ಫೋನು ಮಾಡಿದೆ.

"ಹೆಂಗಸರು ನಿಲ್ಬಹುದಾ ವೀರಣ್ಣೋರೇ?"

"ಧಾರಾಳವಾಗಿ ನಿಲ್ಬಹುದಮ್ಮ. ರೂಲ್ಸಲ್ಲಿ ಮೊದ್ಲಿಂದ್ಲೂ ಇದೆ. ಯಾರೂ ಕೇಳ್ಲೇ ಇಲ್ಲ."

ಇವರು ಕಾಫಿ ಲೋಟ ಕೆಳಗಿಟ್ಟರು. "ಏನೇ ಇದು? ನಂಗೆದುರಾಗಿ ನಿಲ್ತೀಯಾ? ಮತ್ತೆ ನನ್ನ ಭಾಷಣ ಯಾರೇ ಬರೀತಾರೆ?"

"ನೀವೇ ಬರ್ಕೊಳ್ರಿ. ನಾನು ನನ್ನದು ಬರ್ಕೋಬೇಕು."

ಹೊಟ್ಟೆಕಿಚ್ಚು ಹೋಯಿತೇ ಎಂದರೆ ಇಲ್ಲ, ಇನ್ನೂ ಇದೆ. ಅದರ ಉರಿಯಲ್ಲೇ ಫಾರ್ಮು ತುಂಬಲು ಕೂತೆ. 'ಅಭ್ಯರ್ಥಿಯ ಹೆಸರು' ಎಂಬಲ್ಲಿಗೆ ಬಂದಾಗ ಕೈ ತಾನಾಗಿಯೇ 'ಅನಂತ' ಎಂದು ಬರೆದುಬಿಟ್ಟಿತ್ತು. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸತ್ಯವತಿ ಎಂದು ಬರೆದೆ.