ಮಲಗಿದ ದೇವರು, ಮಲಗಿದ ತಮ್ಮ

ಹೊಸ ಶತಮಾನ ಕಾಲಿಟ್ಟ ವರ್ಷಗಳಲ್ಲಿ, ಹೂವಿನಹಡಗಲಿಯಲ್ಲಿ ಮಲ್ಲಿಗೆ ವ್ಯಾಪಾರ ಮಾಡುತ್ತಿದ್ದ ನನ್ನ ತಮ್ಮನ ಮನಸ್ಸಿಗೆ ಎರಡೇ ಋತುಗಳಿದ್ದವು. ಒಂದರಲ್ಲಿ ನಿದ್ರೆಯನ್ನೇ ತೊರೆದು, ಹೊತ್ತುಹೊತ್ತಿಗೂ ಮಿಂದು ಪೂಜೆಗೆ ಕೂರುವನು; ಮಾರಲು ತಂದ ಹೂವನ್ನೆಲ್ಲ ಗುಡಿಗಳಿಗೆ ಹಂಚಿಬಿಡುವನು. ಇನ್ನೊಂದರಲ್ಲಿ ಗೋಡೆಗೆ ಮುಖಮಾಡಿ ಮಲಗಿದರೆ ವಾರಗಟ್ಟಲೆ ಏಳುತ್ತಿರಲಿಲ್ಲ. ಮೊದಲನೆಯದನ್ನು ಅವ್ವ ಶಿವನ ಕೃಪೆಯೆಂದಳು, ಎರಡನೆಯದನ್ನು ಸೋಮಾರಿತನವೆಂದಳು. ಬಳ್ಳಾರಿಯ ವೈದ್ಯರು, ಎರಡೂ ಒಂದೇ ಕಾಯಿಲೆಯ ಎರಡು ಮುಖ, ಹೆಸರು ಬೈಪೋಲಾರ್ ಎಂದರು. ಶಿವಕೃಪೆಗೂ ಮಾತ್ರೆಯುಂಟೆಂಬುದನ್ನು ಅವ್ವ ಒಪ್ಪಲಿಲ್ಲ.

ಆದರೂ ಮಾತ್ರೆ ಹಿಡಿಯಿತು. ತಮ್ಮ ನೆಟ್ಟಗೆ ಅಂಗಡಿಗೆ ಹೋಗತೊಡಗಿದ. ಶ್ರಾವಣ ಬಂತು. ವ್ರತದ ತಿಂಗಳಲ್ಲಿ ಔಷಧ ನುಂಗಿದರೆ ಉಪವಾಸ ಕೆಡುವುದೆಂದು ಅವ್ವ ಮಾತ್ರೆಯ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ತಿಂಗಳು ತುಂಬುವ ಮೊದಲೇ ತಮ್ಮ ಹತ್ತಿರದ ಹೊಳಲು ಗ್ರಾಮಕ್ಕೆ ಹೋಗಿ, ಅನಂತಶಯನಸ್ವಾಮಿಯ ಎದುರು ನಿಂತು, ಮಲಗಿದ್ದು ಸಾಕು, ಎದ್ದು ಲೋಕದ ಕೆಲಸ ನೋಡು ಎಂದು ಗದರಿ ಬಂದ. ಸ್ವಾಮಿ ಏಳಲಿಲ್ಲ. ದೀಪಾವಳಿಯ ಹೊತ್ತಿಗೆ ತಮ್ಮನೇ ಮಲಗಿದ.

ಅವ್ವ ಬಾಗಿಲಲ್ಲಿ ನಿಂತು ಬೈಯುತ್ತಿದ್ದಾಗ ಅವನು ಕೌದಿಯೊಳಗಿಂದಲೇ ಹೇಳಿದ: "ಹೊಳಲಾಗ ಆತ ಮಲಗಿದ್ರ ಕೈ ಮುಗೀತಿ. ನಾ ಮಲಗಿದ್ರ ಬೈತಿಯಲ್ಲಬೇ ಯವ್ವ."

ಅವ್ವ ನಕ್ಕಳು; ಆಮೇಲೆ ಒಳಗೆ ಹೋಗಿ ಅತ್ತಳು. ತಮ್ಮನ ಹೆಂಡತಿ ನನ್ನನ್ನು ಕರೆದು, ಬರುವ ಶ್ರಾವಣದಲ್ಲೂ ಡಬ್ಬಿ ಅಟ್ಟ ಹತ್ತಿದರೆ ಮಕ್ಕಳೊಡನೆ ಕೊಟ್ಟೂರಿನ ತವರಿಗೆ ಹೋಗುವೆನೆಂದೂ ಮತ್ತೆ ಬರುವುದಿಲ್ಲವೆಂದೂ ಶಾಂತವಾಗಿಯೇ ತಿಳಿಸಿದಳು.

ಮನೆಯಲ್ಲಿ ನಾನೊಬ್ಬ ಶಾಸ್ತ್ರ ಓದಿದವನು. ಆ ಓದು ಅದುವರೆಗೆ ಯಾರಿಗೂ ಉಪಯೋಗಕ್ಕೆ ಬಂದಿರಲಿಲ್ಲ. ಮರುವರ್ಷ ಶ್ರಾವಣದ ಮೊದಲ ಸೋಮವಾರ ಅವ್ವ ಡಬ್ಬಿಗೆ ಕೈಹಾಕಿದಾಗ ಕೇಳಿದೆ: "ಯವ್ವ, ಶಿವ ಅಷ್ಟು ವಿಷ ಕುಡದನಲ್ಲ, ಆತನ ಉಪಾಸ ಕೆಡ್ತೇನು?"

"ಆತ ಎಲ್ಲಿ ನುಂಗ್ಯಾನ? ಗಂಟಲಾಗ ಇಟ್ಕೊಂಡಾನ."

"ನುಂಗಬ್ಯಾಡ ಅಂತ ಗಂಟಲಾ ಹಿಡದಾಕಿ ಪಾರ್ವತಿ. ನಮ್ಮನಿ ಪಾರ್ವತಿ ನುಂಗು ಅಂತಾಳ. ಹೆಂಡ್ತಿ ಮಾತು ಶಿವನೇ ಮೀರಲಿಲ್ಲ, ಇವನೇನು ಮೀರ್ತಾನ?"

ಸೊಸೆ ತಲೆ ತಗ್ಗಿಸಿ ನಕ್ಕಳು. ಅವ್ವ ಡಬ್ಬಿಯನ್ನು ಅಲ್ಲೇ ಬಿಟ್ಟು ಪೂಜೆಗೆ ಕೂತಳು. ಪೂಜೆ ಮುಗಿದ ಮೇಲೆ ಡಬ್ಬಿಗೆ ವಿಭೂತಿ ಹಚ್ಚಿ, ಮಾತ್ರೆಯನ್ನು ತೀರ್ಥದೊಡನೆ ಮಗನ ಅಂಗೈಗಿಟ್ಟು, ಅವನು ನುಂಗುವವರೆಗೂ ಎದುರೇ ನಿಂತಳು. ಸೊಸೆ ಪಂಚಮಿಗೆ ತವರಿಗೆ ಹೋದಳು, ಹಬ್ಬ ಮುಗಿಸಿ ಮರಳಿ ಬಂದಳು.

ಆಮೇಲೂ ತಮ್ಮ ಒಮ್ಮೊಮ್ಮೆ ಗೋಡೆಗೆ ಮುಖಮಾಡಿದ್ದುಂಟು. ಆಗ ಅವ್ವ ಬೈಯದೆ, ಚಹಾ ಇಟ್ಟು, ಸಪ್ಪಳವಾಗದಂತೆ ಬಾಗಿಲು ಎಳೆದುಕೊಂಡು ಬರುತ್ತಿದ್ದಳು. ಕೈಯನ್ನು ಮಾತ್ರ ಮುಗಿಯಲಿಲ್ಲ.