ಎದುರಂಗಡಿಯ ಕೆಮ್ಮು

ಅವಳ ಉಗುರಿನ ಸಂದಿಯಲ್ಲಿ ಯಾವಾಗಲೂ ಖಾರದ ಕೆಂಪು ಇರುತ್ತಿತ್ತು. ಸತ್ತ ದಿನ ಮೈ ತೊಳೆದವಳು ನಾನೇ. ಸೀಗೇಕಾಯಿ ಹಾಕಿ ತಿಕ್ಕಿದೆ. ಹೋಗಲಿಲ್ಲ. ಹಾಗೇ ಕಳಿಸಿದೆವು.

ಬ್ಯಾಡಗಿಯಲ್ಲಿ ನನ್ನ ಖಾರಪುಡಿ ಅಂಗಡಿಯ ಎದುರಿಗೇ ಅವಳದೂ ಖಾರಪುಡಿ ಅಂಗಡಿ. ನಡುವೆ ಒಂದು ಟ್ರ್ಯಾಕ್ಟರ್ ಹೋಗುವಷ್ಟು ದಾರಿ. ನನಗಿಂತ ಸಣ್ಣವಳು. ನಾವೇನು ಗೆಳತಿಯರಲ್ಲ. ಅವಳ ಗಿರಾಕಿಯನ್ನು ನಾನು ಕರೆಯುತ್ತಿದ್ದೆ, ನನ್ನ ಗಿರಾಕಿಯನ್ನು ಅವಳು. ನಾನು ಕೋಲ್ಡ್ ಸ್ಟೋರೇಜಿನ ಹಳೆಯ ಮೆಣಸಿನಕಾಯಿ ಕುಟ್ಟಿಸಿ ಜರಡಿ ಹಿಡಿದ ದಿನ ಅಲ್ಲಿಂದಲೇ ಸುಳ್ಳು ಕೆಮ್ಮು ಕೆಮ್ಮುತ್ತಿದ್ದಳು.

“ಯಕ್ಕಾ, ಹೋದ ವರ್ಷದ ಮಾಲು ಇವತ್ತ ಎದ್ದ ಬಂತೇನ?”

“ನಿನ್ನ ಮೂಗಿಗೆ ಬೆಂಕಿ ಹಾಕ,” ಅನ್ನುತ್ತಿದ್ದೆ. ಆದರೆ ಆ ಮೂಗು ಒಮ್ಮೆಯೂ ತಪ್ಪಿದ್ದಿಲ್ಲ.

ಫೋನಿನಲ್ಲಿ ಆರ್ಡರ್ ಹಿಡಿದು ನಮ್ಮ ಕಡೆಯ ಖಾರವನ್ನು ದೂರದ ಊರುಗಳಿಗೆ ಕಳಿಸುವ ಕಂಪನಿ ಕಟ್ಟಬೇಕೆಂದು ಅವಳಿಗೆ ಹಟ. ಕೈಯಲ್ಲಿ ರೊಕ್ಕ ಇಲ್ಲ. ಹೊಸ ಕಂಪನಿಗಳಿಗೆ ಬಂಡವಾಳ ಹಾಕುವವರು ರಾಣೇಬೆನ್ನೂರಿಗೆ ಬರುತ್ತಾರೆಂದು ತಿಳಿದು ಹೆಸರು ಕೊಟ್ಟಳು. ಹಿಂದಿನ ದಿನ ದಾರಿ ದಾಟಿ ನನ್ನಲ್ಲಿಗೆ ಬಂದಳು.

“ನಮ್ಮ ಎದುರಾಳಿ ಯಾರಂತ ತೋರಿಸಬೇಕಂತ ಯಕ್ಕಾ. ನಾಳೆ ನನ್ನ ಕೂಡ ಬಾ.”

“ನನ್ನ ಫೋಟೋ ಒಯ್ಯಿ.”

“ಫೋಟೋಕ್ಕ ವಾಸನಿ ಇರತೈತೇನ? ನಿನ್ನ ಖಾರಾನೂ ತಗೊಂಡ ಬಾ.”

ನನ್ನ ಬಗ್ಗೆ ಕೆಟ್ಟದು ಆಡಿದರೆ ಅಲ್ಲೇ ಜುಟ್ಟು ಹಿಡಿಯೋಣ ಎಂದು ಹೋದೆ.

ಅಲ್ಲಿ ಅವಳಿಗಿಂತ ಮೊದಲು ಮಾತಾಡಲು ಎದ್ದವರೆಲ್ಲ ತಮಗೆ ಎದುರಾಳಿಯೇ ಇಲ್ಲ ಎಂದರು. ಇವಳು ಮೇಜಿನ ಮೇಲೆ ಖಾರದ ಎರಡು ಬಾಟಲಿ ಇಟ್ಟಳು. ನನ್ನದು ಮೊದಲು.

“ಅಕಿ ನೋಡ್ರಿ, ಹಿಂದ ಕುಂತಾಳ. ಯಕ್ಕಾ, ಎದ್ದ ನಿಂದರ. ಹೊಸಾ ಕಾಯಿ ಹಾಕಿದ್ರ ಅಕಿ ಖಾರ ನನ್ನದಕ್ಕಿಂತ ಚಲೋ ಇರತೈತ್ರಿ.”

ರೊಕ್ಕ ಕೊಡುವ ಸಾಹೇಬರೊಬ್ಬರು ನಕ್ಕರು. “ಮತ್ತ ರೊಕ್ಕಾ ಅವರಿಗೇ ಕೊಡೂಣೇನು?”

“ಕೊಟ್ರ ಡಬ್ಬಿಯೊಳಗ ಇಟ್ಟ ಕುಂದರತಾಳ್ರಿ. ಅಕಿಗೆ ಊರ ಸಾಕು, ನನಗ ಸಾಲೂದಿಲ್ಲ. ಎದುರಾಳಿ ಇಲ್ಲ ಅಂದವರನ್ನ ನಂಬಬ್ಯಾಡ್ರಿ. ಒಂದ ಅಂಗಡಿಗೆ ಸಂತಿ ನೆರೆಯೂದಿಲ್ಲ. ಅಕಿ ಎದುರ ಕುಂತಾಳಂತನ ನಾ ಹಳೇ ಕಾಯಿ ಮುಟ್ಟೂದಿಲ್ಲ.”

ಜುಟ್ಟು ಹಿಡಿಯಲು ಕಾರಣ ಸಿಗಲಿಲ್ಲ. ನಿಂತೇ ಇದ್ದೆ. ಕೂಡ್ರು ಎಂದು ಯಾರೂ ಹೇಳಲಿಲ್ಲ.

ರೊಕ್ಕ ಹಾಕುತ್ತೇವೆ, ಅಂಗಡಿ ನೋಡಲು ಬರುತ್ತೇವೆ ಎಂದರು ಸಾಹೇಬರು. ಬಸ್ಸಿನಲ್ಲಿ ಅವಳು ಬಾಯಿ ಮುಚ್ಚಲಿಲ್ಲ.

ಅವರು ಬರುವ ಮೊದಲೇ ತೀರಿಹೋದಳು. ಅಂದು ಬೆಳಿಗ್ಗೆ ಇಬ್ಬರೂ ನಮ್ಮ ನಮ್ಮ ಅಂಗಡಿಯಲ್ಲಿ ಜರಡಿ ಹಿಡಿದಿದ್ದೆವು. ಅವಳು ಕೆಮ್ಮಿದಳು. ಕಾಡಿಸುತ್ತಿದ್ದಾಳೆ ಎಂದುಕೊಂಡೆ.

“ಹೊಸಾ ಕಾಯಿನ ಅದಾವು, ಸುಮ್ಮನಿರ ಬೇ!” ಎಂದು ಕೂಗಿದೆ.

ಮತ್ತೆ ಕೆಮ್ಮಿದಳು. ನಾನು ತಲೆ ಎತ್ತಲಿಲ್ಲ. ಎತ್ತುವಷ್ಟರಲ್ಲಿ ಅವಳು ಎದೆ ಹಿಡಿದುಕೊಂಡು ಖಾರದ ಮೇಲೆ ವಾಲಿದ್ದಳು.

ಆಮೇಲೆ ಒಂದು ದಿನ ಸಾಹೇಬರು ಬಂದರು. ಹಾಕಿದ ಬಾಗಿಲು ನೋಡಿ ನನ್ನ ಕಡೆ ದಾಟಿದರು. ಆ ಕೆಲಸ ನೀವೇ ಹಿಡಿಯಿರಿ ಎಂದರು.

“ಈಗಂತೂ ನಿಮಗ ಎದುರಾಳಿ ಇಲ್ಲಲ್ರಿ.”

“ಅದಾಳ,” ಎಂದೆ.

ಅವರು ತಿರುಗಿ ಆ ಬಾಗಿಲನ್ನು ನೋಡಿದರು. ನಾನು ರೊಕ್ಕ ಒಲ್ಲೆ ಎಂದೆ. ಅವಳು ಹೇಳಿದ್ದು ಖರೆ, ನನಗೆ ಊರು ಸಾಕು.

ಹಳೆಯ ಕಾಯಿ ತರುವುದನ್ನು ಬಿಟ್ಟಿದ್ದೇನೆ. ಆದರೂ ಜರಡಿ ಹಿಡಿದಾಗ ಎದುರಿನಿಂದ ಕೆಮ್ಮು ಕೇಳುತ್ತದೆ. ಈಗ ನಾನು ಕೂಗುವುದಿಲ್ಲ. ಜರಡಿ ಕೆಳಗಿಟ್ಟು, ದಾರಿ ದಾಟಿ ಹೋಗಿ ನೋಡಿ ಬರುತ್ತೇನೆ.